ಕೆಪ್ಲರ್‌ಗೆ ಮಂಗಳನ ದಾರಿ ತೋರಿಸಿದ್ದು ಅವನ ದೇವರೇ?

ಮಂಗಳಯಾನ ಹೊರಟ 2013ರ ನವೆಂಬರಿನಲ್ಲಿ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ದಿನಾ ಒಂದೇ ವಾದ. ಉಡಾವಣೆಗೆ ಮುಂಚೆ ಇಸ್ರೋದ ಹಿರಿಯರು ರಾಕೆಟ್ಟಿನ ಪುಟ್ಟ ಮಾದರಿ ಹಿಡಿದು ತಿರುಮಲಕ್ಕೆ ಹೋಗಿ ಬರುವ ವಾಡಿಕೆ ಇದೆಯಲ್ಲ, ಅದರ ಬಗ್ಗೆ. ‘ನೋಡ್ರೋ, ಅಷ್ಟು ಓದಿದವರೇ ಕೈ ಮುಗೀತಾರೆ’ ಅಂತ ದೊಡ್ಡಪ್ಪ. ‘ಅದು ಹಾರೋದು ಕೈ ಮುಗಿದಿದ್ದಕ್ಕಾ, ಲೆಕ್ಕ ಸರಿ ಇದ್ದಿದ್ದಕ್ಕಾ ದೊಡ್ಡಪ್ಪ?’ ಅಂತ ನನ್ನ ತಂಗಿ. ಅನ್ನ ಆರಿಹೋಗುತ್ತಿತ್ತು, ವಾದ ಆರುತ್ತಿರಲಿಲ್ಲ.

ಈ ಪ್ರಶ್ನೆ ಕೇಳಲು ಇಸ್ರೋದವರಿಗಿಂತ ಒಳ್ಳೆಯ ಆಸಾಮಿ ಒಬ್ಬನಿದ್ದಾನೆ ಅಂತ ನನಗೆ ಆಗಿನಿಂದಲೂ ಅನ್ನಿಸುತ್ತಿದೆ. ಯೊಹಾನೆಸ್ ಕೆಪ್ಲರ್. ಮಂಗಳನ ದಾರಿ ಪೂರ್ತಿ ದುಂಡಗಿಲ್ಲ, ಅದು ದೀರ್ಘವೃತ್ತ ಎಂದು 1609ರಲ್ಲಿ ಹೇಳಿದವನು. ಮಂಗಳಯಾನದ ಲೆಕ್ಕದ ಬುಡದಲ್ಲಿ ಕೂತಿರುವುದೂ ಅವನ ನಿಯಮಗಳೇ. ತಿರುಮಲಕ್ಕೆ ಹೋಗಿ ಬಂದು ಆಮೇಲೆ ಕಂಪ್ಯೂಟರ್ ಮುಂದೆ ಕೂರುವ ಹಾಗೆ ಅವನ ಬದುಕು ಎರಡು ಭಾಗ ಆಗಿರಲಿಲ್ಲ. ಅವನಿಗೆ ಪ್ರಾರ್ಥನೆಯೂ ಲೆಕ್ಕವೂ ಒಂದೇ ಹಾಳೆಯ ಮೇಲೆ ಬರುತ್ತಿದ್ದವು.

ಹಾಗಾದರೆ ಅವನ ನಿಯಮಗಳು ಅವನ ನಂಬಿಕೆಯಿಂದ ಬಂದವೇ? ಹೌದು ಅಂತಲೂ ಅಲ್ಲ ಅಂತಲೂ ವಾದ ಮಾಡಬಹುದು. ಎರಡೂ ಕಡೆ ನಾನೇ ಬರೆದಿದ್ದೇನೆ. ಯಾವ ಕಡೆ ಬರೆಯುವಾಗ ಪೆನ್ನು ಸಲೀಸಾಗಿ ಓಡಿತು ಅನ್ನುವುದು ಓದುವವರಿಗೆ ಗೊತ್ತಾಗದೆ ಇರದು. ಮುಚ್ಚಿಡುವ ಆಸೆಯೂ ನನಗಿಲ್ಲ.

ಪರ: ನಂಬಿಕೆ ಇಲ್ಲದಿದ್ದರೆ ಅವನು ಹುಡುಕುತ್ತಲೇ ಇರಲಿಲ್ಲ

ಕೆಪ್ಲರ್ ಆಗಬೇಕು ಅಂದುಕೊಂಡಿದ್ದು ಪಾದ್ರಿ. 1571ರಲ್ಲಿ ಜರ್ಮನಿಯ ವೈಲ್ ಡೆರ್ ಶ್ಟಾಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಲೂಥರನ್ (ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥ) ಪಾದ್ರಿಗಳನ್ನು ತಯಾರು ಮಾಡಲು ಅಲ್ಲಿನ ದೊರೆತನ ಕೊಡುತ್ತಿದ್ದ ವಿದ್ಯಾರ್ಥಿವೇತನದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಸೇರಿದ. ಓದು ಇನ್ನೇನು ಮುಗಿಯುತ್ತದೆ ಅನ್ನುವಾಗ, 1594ರಲ್ಲಿ, ಆಸ್ಟ್ರಿಯಾದ ಗ್ರಾಜ್ ಊರಿನ ಶಾಲೆಗೆ ಗಣಿತದ ಮೇಷ್ಟ್ರು ಬೇಕಾಗಿದ್ದಾರೆ ಅಂತ ಇವನನ್ನು ಕಳಿಸಿಬಿಟ್ಟರು. ಅವನಿಗೆ ಹೋಗಲು ಅಷ್ಟು ಮನಸ್ಸಿರಲಿಲ್ಲ.

ಮರುವರ್ಷ ಜುಲೈನಲ್ಲಿ ಒಂದು ದಿನ ಪಾಠ ಮಾಡುತ್ತಿದ್ದ. ಗುರು ಮತ್ತು ಶನಿ ಇಪ್ಪತ್ತು ವರ್ಷಕ್ಕೊಮ್ಮೆ ಆಕಾಶದಲ್ಲಿ ಒಟ್ಟಿಗೆ ಬರುವ ಜಾಗಗಳನ್ನು ಹಲಗೆಯ ಮೇಲೆ ಗುರುತು ಮಾಡಿ ಗೆರೆ ಎಳೆಯುತ್ತಿದ್ದ. ತ್ರಿಕೋನದ ಮೇಲೆ ತ್ರಿಕೋನ ಬಿದ್ದು, ಹೊರಗೊಂದು ವೃತ್ತ, ಒಳಗೊಂದು ವೃತ್ತ ಮೂಡಿತು. ಒಳಗಿನದು ಹೊರಗಿನದರ ಅರ್ಧ. ಶನಿಯ ದಾರಿಗೂ ಗುರುವಿನ ದಾರಿಗೂ ಹೆಚ್ಚು ಕಡಿಮೆ ಅದೇ ಅನುಪಾತ! ಪಾಠ ಅಲ್ಲಿಗೇ ನಿಂತಿರಬೇಕು, ಪಾಪ ಹುಡುಗರು.

ಅಲ್ಲಿಂದ ಅವನು ಹೋಗಿ ಮುಟ್ಟಿದ್ದು ಐದು ಘನಾಕೃತಿಗಳಿಗೆ. ಎಲ್ಲ ಮುಖವೂ, ಎಲ್ಲ ಅಂಚೂ, ಎಲ್ಲ ಮೂಲೆಯೂ ಒಂದೇ ಥರ ಇರುವ ಆಕೃತಿ ಐದೇ ಐದು ಎಂದು ಗ್ರೀಕರು ಯಾವತ್ತೋ ಸಾಧಿಸಿಟ್ಟಿದ್ದರು. ಆಗ ಗೊತ್ತಿದ್ದ ಗ್ರಹಗಳು ಆರು, ಅವುಗಳ ನಡುವಿನ ಸಂದು ಐದು. ಶನಿಗೂ ಗುರುವಿಗೂ ನಡುವೆ ದಾಳದಂಥ ಘನ, ಗುರುವಿಗೂ ಮಂಗಳನಿಗೂ ನಡುವೆ ನಾಲ್ಕು ಮುಖದ್ದು, ಆಮೇಲೆ ಹನ್ನೆರಡು ಮುಖದ್ದು, ಇಪ್ಪತ್ತು ಮುಖದ್ದು, ಕೊನೆಗೆ ಶುಕ್ರನಿಗೂ ಬುಧನಿಗೂ ನಡುವೆ ಎಂಟು ಮುಖದ್ದು. ದೇವರು ಜಗತ್ತನ್ನು ಕಟ್ಟಿದ್ದು ಈ ಅಳತೆಯಲ್ಲಿ ಅಂತ 1596ರಲ್ಲಿ ಪುಸ್ತಕ ಬರೆದ. ಅದಕ್ಕೆ ಮುಂಚೆಯೇ ತನ್ನ ಗುರು ಮೆಸ್ಟ್ಲಿನ್‌ಗೆ ಕಾಗದ ಹಾಕಿದ್ದ. ಪಾದ್ರಿ ಆಗಲಿಲ್ಲವಲ್ಲ ಎಂದು ಬಹಳ ದಿನ ಮನಸ್ಸಿಗೆ ನೆಮ್ಮದಿ ಇರಲಿಲ್ಲ, ಈಗ ನನ್ನ ಕೆಲಸದಿಂದ ಖಗೋಳದಲ್ಲೂ ದೇವರ ಮಹಿಮೆ ಕಾಣುತ್ತಿದೆ ನೋಡಿ, ಅಂತ.

ಈ ಚಿತ್ರ ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಆದರೆ ಆ ಹುಡುಗ ಕೇಳಿದ ಪ್ರಶ್ನೆಗಳನ್ನು ನೋಡಿ. ಗ್ರಹಗಳು ಇಷ್ಟೇ ಯಾಕೆ? ಇಷ್ಟೇ ದೂರದಲ್ಲಿ ಯಾಕೆ? ಇಷ್ಟೇ ವೇಗದಲ್ಲಿ ಯಾಕೆ? ಅವನಿಗಿಂತ ಮುಂಚಿನ ಖಗೋಳದವರು ಕೇಳುತ್ತಿದ್ದದ್ದು ‘ಎಲ್ಲಿ, ಯಾವಾಗ’ ಅಂತ. ಮುಂದಿನ ತಿಂಗಳು ಮಂಗಳ ಯಾವ ನಕ್ಷತ್ರದ ಹತ್ತಿರ ಇರುತ್ತಾನೆ ಎಂದು ಹೇಳಿದರೆ ಅವರ ಕೆಲಸ ಮುಗಿಯಿತು. ‘ಯಾಕೆ’ ಅನ್ನಬೇಕಾದರೆ ಅದರ ಹಿಂದೆ ಒಂದು ಕಾರಣ ಇದ್ದೇ ಇದೆ, ಅದು ಮನುಷ್ಯನ ತಲೆಗೆ ನಿಲುಕುತ್ತದೆ ಎಂಬ ಧೈರ್ಯ ಬೇಕು. ಕೆಪ್ಲರ್‌ಗೆ ಆ ಧೈರ್ಯ ಬಂದದ್ದು ಬೈಬಲ್ಲಿನಿಂದ. ದೇವರು ಮನುಷ್ಯನನ್ನು ತನ್ನ ರೂಪದಲ್ಲೇ ಮಾಡಿದ, ಹಾಗಾಗಿ ತನ್ನ ಆಲೋಚನೆಯಲ್ಲಿ ಪಾಲು ಪಡೆಯಲಿ ಅಂತಲೇ ಮಾಡಿದ, ಎಂದು ಅವನು 1599ರಲ್ಲಿ ಬರೆದಿದ್ದಾನೆ.

ಇದು ಬರೀ ಭಕ್ತಿಯ ಮಾತು ಅನ್ನಿಸಬಹುದು. ಅದು ಲೆಕ್ಕದೊಳಗೆ ಇಳಿದ ಒಂದು ಜಾಗ ತೋರಿಸುತ್ತೇನೆ.

ಕೋಪರ್ನಿಕಸ್ 1543ರಲ್ಲಿ ಸೂರ್ಯನನ್ನು ನಡುವಿಗೆ ತಂದ ಅಂತ ನಾವು ಶಾಲೆಯಲ್ಲಿ ಓದುತ್ತೇವೆ. ಸರಿಯಾಗಿ ನೋಡಿದರೆ ಅವನು ತಂದದ್ದು ಸೂರ್ಯನ ಹತ್ತಿರಕ್ಕೆ. ಅವನ ಲೆಕ್ಕದಲ್ಲಿ ಗ್ರಹಗಳ ದಾರಿಯನ್ನು ಅಳೆಯುತ್ತಿದ್ದದ್ದು ಭೂಮಿಯ ಕಕ್ಷೆಯ ಮಧ್ಯಬಿಂದುವಿನಿಂದ. ಆ ಬಿಂದುವಿನಲ್ಲಿ ಏನೂ ಇಲ್ಲ. ಸೂರ್ಯ ಪಕ್ಕದಲ್ಲಿ ದೀಪದ ಕಂಬದ ಹಾಗೆ ನಿಂತಿದ್ದ, ಅಷ್ಟೇ. ಕೆಪ್ಲರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಅವನ ಮನಸ್ಸಿನಲ್ಲಿ ವಿಶ್ವ ಅಂದರೆ ತ್ರಯೇಕ ದೇವರ ಪ್ರತಿರೂಪ. ನಡುವಿನ ಸೂರ್ಯ ತಂದೆ, ಹೊರಗಿನ ನಕ್ಷತ್ರಗಳ ಗೋಳ ಮಗ, ನಡುವೆ ತುಂಬಿರುವ ಅವಕಾಶ ಪವಿತ್ರಾತ್ಮ. ತಂದೆಯಿಂದ ಎಲ್ಲವೂ ಹೊರಡುವ ಹಾಗೆ ಸೂರ್ಯನಿಂದ ಬೆಳಕೂ ಹೊರಡಬೇಕು, ಗ್ರಹಗಳನ್ನು ತಳ್ಳುವ ಬಲವೂ ಹೊರಡಬೇಕು. ಖಾಲಿ ಬಿಂದು ಯಾರನ್ನು ತಳ್ಳೀತು?

ಹೀಗೆ ಅವನು ನಿಜವಾದ ಸೂರ್ಯನಿಂದಲೇ ಅಳೆಯಲು ಹಟ ಹಿಡಿದ. ಆ ಹಟ ಇಲ್ಲದಿದ್ದರೆ ಮಂಗಳನ ಲೆಕ್ಕ ಬಿಡಿಸುವುದು ಸಾಧ್ಯವೇ ಇರಲಿಲ್ಲ. ದೂರ ಹೋದ ಹಾಗೆ ಗ್ರಹ ಯಾಕೆ ನಿಧಾನ ಆಗುತ್ತದೆ, ಸೂರ್ಯನ ಬಲ ಅಲ್ಲಿ ಕ್ಷೀಣಿಸುತ್ತದಾ, ಎಂದು ಅವನು 1596ರಲ್ಲೇ ಕೇಳಿದ್ದ. ಆಕಾಶದ ಚಲನೆಗೆ ಬಲ ಅನ್ನುವ ಕಾರಣ ಬೇಕು ಎಂಬ ವಿಚಾರ ನ್ಯೂಟನ್‌ಗೆ ತೊಂಬತ್ತು ವರ್ಷ ಮುಂಚೆ ಹೀಗೆ ದೇವರ ಕೋಣೆಯ ಬಾಗಿಲಿನಿಂದ ಬಂತು.

ಇನ್ನೊಂದು ಮಾತು. ಕೋಪರ್ನಿಕಸನ ಪುಸ್ತಕಕ್ಕೆ ಒಂದು ಹೆಸರಿಲ್ಲದ ಮುನ್ನುಡಿ ಇತ್ತು. ಇಲ್ಲಿ ಹೇಳಿರುವುದು ನಿಜ ಆಗಬೇಕಾಗಿಲ್ಲ, ಲೆಕ್ಕಕ್ಕೆ ಅನುಕೂಲ ಆದರೆ ಸಾಕು, ಎಂದು ಅದು ಓದುಗರಿಗೆ ಸಮಾಧಾನ ಹೇಳುತ್ತಿತ್ತು. ಅದನ್ನು ಸೇರಿಸಿದವನು ಓಸಿಯಾಂಡರ್ ಎಂದು ಅಚ್ಚಿನಲ್ಲಿ ಬಯಲು ಮಾಡಿದ್ದು ಕೆಪ್ಲರ್. ಅವನಿಗೆ ಸಿಟ್ಟು ಬಂದಿತ್ತು. ದೇವರು ಕಟ್ಟಿದ ಮನೆಯ ನಕ್ಷೆ ಬರೆಯಲು ಕೂತವನಿಗೆ ‘ಸುಮ್ನೆ ಒಂದು ಅಂದಾಜು ಗೆರೆ ಎಳಿ ಸಾಕು’ ಅಂದರೆ ಹೇಗಾಗುತ್ತದೆ?

ಈಗ ಎಂಟು ಕಲೆಯ ಕಥೆಗೆ ಬರೋಣ. ಎಲ್ಲರೂ ಇದನ್ನು ನಂಬಿಕೆಯ ವಿರುದ್ಧ ಸಾಕ್ಷಿ ಅಂತ ಹೇಳುತ್ತಾರೆ. ನಾನು ಇದನ್ನೇ ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ.

ಒಂದು ಡಿಗ್ರಿಯನ್ನು ಅರವತ್ತು ಮಾಡಿದರೆ ಒಂದು ಕಲೆ. ಪಂಚಾಂಗದ ಲೆಕ್ಕದವರಿಗೆ ಗೊತ್ತಿರುವ ಮಾತು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು ಮೂವತ್ತೊಂದು ಕಲೆ. ಎಂಟು ಕಲೆ ಅಂದರೆ ಚಂದ್ರನ ಕಾಲು ಭಾಗ. ಕೆಪ್ಲರ್ 1600ರಲ್ಲಿ ಪ್ರಾಗ್ ಹತ್ತಿರ, ಆಕಾಶವನ್ನು ಅಳೆಯುವುದರಲ್ಲಿ ಹೆಸರಾಗಿದ್ದ ಟೈಕೊ ಬ್ರಾಹೆಯನ್ನು ಸೇರಿಕೊಂಡು ಮಂಗಳನ ಲೆಕ್ಕ ಕೈಗೆತ್ತಿಕೊಂಡ. ಮರುವರ್ಷ ಟೈಕೊ ತೀರಿಕೊಂಡ, ಅಳತೆಗಳೆಲ್ಲ ಇವನ ಕೈಗೆ ಬಂದವು. ವೃತ್ತದ ದಾರಿಯೊಂದನ್ನು ಕೂರಿಸಲು ಕಡಿಮೆ ಅಂದರೂ ಎಪ್ಪತ್ತು ಸಲ ಲೆಕ್ಕ ಹಾಕಿದ. ಓದಿ ನಿಮಗೆ ಬೇಸರ ಬಂದರೆ ಬರೆದ ನನ್ನ ಮೇಲೆ ಕರುಣೆ ತೋರಿಸಿ ಅಂತ ಪುಸ್ತಕದಲ್ಲೇ ಗೋಗರೆಯುತ್ತಾನೆ. ಕೊನೆಗೆ ಲೆಕ್ಕ ಕೂತಿತು ಅನ್ನುವಷ್ಟರಲ್ಲಿ ಒಂದು ಕಡೆ ಎಂಟು ಕಲೆ ತಪ್ಪಿತು.

ಬೇರೆ ಯಾರೇ ಆಗಿದ್ದರೂ ಬಿಟ್ಟುಬಿಡುತ್ತಿದ್ದರು. ಹಳೆಯವರ ಅಳತೆಯಲ್ಲೇ ಹತ್ತು ಕಲೆ ಹೆಚ್ಚು ಕಡಿಮೆ ಇರುತ್ತಿತ್ತು. ಕೆಪ್ಲರ್ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಅವನೇ ಹೇಳಿದ್ದಾನೆ. ದೇವರು ದಯೆಯಿಂದ ನಮಗೆ ಟೈಕೊನಂಥ ಎಚ್ಚರದ ನೋಡುಗನನ್ನು ಕೊಟ್ಟಿದ್ದಾನೆ, ಈ ಕಾಣಿಕೆಯನ್ನು ಕೃತಜ್ಞತೆಯಿಂದ ತೆಗೆದುಕೊಂಡು ಬಳಸಬೇಕು, ಆ ಎಂಟು ಕಲೆಗಳೇ ಇಡೀ ಖಗೋಳವನ್ನು ತಿದ್ದುವ ದಾರಿ ತೋರಿಸಿದವು. ಅಂದರೆ ಅಳತೆಗೆ ಮೋಸ ಮಾಡುವುದು ಅವನಿಗೆ ದೇವರಿಗೆ ಮೋಸ ಮಾಡಿದ ಹಾಗೆ. ಪ್ರಸಾದವನ್ನು ಕೆಳಗೆ ಚೆಲ್ಲಬಾರದು ಅಂತೀವಲ್ಲ, ಹಾಗೆ.

ಆಮೇಲಿನ ಹಟ ನೋಡಿ. ‘ಇಷ್ಟೇ ವೇಗ ಯಾಕೆ’ ಎಂಬ 1595ರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1618ರ ಮೇ 15ಕ್ಕೆ. ಇಪ್ಪತ್ಮೂರು ವರ್ಷ. ಆ ವರ್ಷ ಫೆಬ್ರವರಿಯಲ್ಲಿ ಪುಟ್ಟ ಮಗಳು ಸತ್ತಿದ್ದಳು. ಗ್ರಹಗಳ ಕೋಷ್ಟಕಗಳ ಲೆಕ್ಕ ಮಾಡಲು ಮನಸ್ಸು ನಿಲ್ಲುತ್ತಿಲ್ಲ ಎಂದು ಅದನ್ನು ಪಕ್ಕಕ್ಕಿಟ್ಟು ವಿಶ್ವದ ಸಾಮರಸ್ಯದ ಪುಸ್ತಕ ಹಿಡಿದಿದ್ದ. ಗ್ರಹ ಸುತ್ತಲು ತೆಗೆದುಕೊಳ್ಳುವ ವರ್ಷಗಳ ವರ್ಗವೂ ಅದರ ದೂರದ ಘನವೂ ಒಂದೇ ಪ್ರಮಾಣದಲ್ಲಿ ಇರುತ್ತವೆ ಅನ್ನುವುದು ಅಲ್ಲಿ ಹೊಳೆಯಿತು. ಅವನ ಮೂರನೆಯ ನಿಯಮ ಅಂತ ನಾವು ಓದುವುದು ಇದನ್ನೇ. ಗುರುವಿನ ಸುತ್ತು 11.86 ವರ್ಷ, ದೂರ ಭೂಮಿಗಿಂತ 5.2 ಪಟ್ಟು. ಮೊಬೈಲಿನಲ್ಲೇ ಗುಣಿಸಿ ನೋಡಿ, ಎರಡು ಕಡೆಯೂ 140.6ರ ಹತ್ತಿರ ಬರುತ್ತದೆ.

ಅದು ಸಿಕ್ಕಿದ ಖುಷಿಯಲ್ಲಿ ಅವನು ಬರೆದದ್ದರ ಅರ್ಥ ಹೀಗಿದೆ: ಬೈಬಲ್ಲಿನ ಕಥೆಯಲ್ಲಿ ಬರುವ ಹಾಗೆ ಈಜಿಪ್ಟಿನವರ ಚಿನ್ನದ ಪಾತ್ರೆ ಕದ್ದು ನನ್ನ ದೇವರಿಗೆ ಗುಡಾರ ಕಟ್ಟಿದ್ದೇನೆ. ಇದನ್ನು ಈಗಿನವರು ಓದಲಿ, ಮುಂದಿನವರು ಓದಲಿ, ಓದುಗನಿಗಾಗಿ ಪುಸ್ತಕ ನೂರು ವರ್ಷ ಕಾಯಬಹುದು. ತನ್ನ ಕೆಲಸವನ್ನು ಕಣ್ಣಿಟ್ಟು ನೋಡುವವನಿಗಾಗಿ ದೇವರೇ ಆರು ಸಾವಿರ ವರ್ಷ ಕಾದಿಲ್ಲವೇ? ಮನೆಯಲ್ಲಿ ಸಾವು, ಬೀದಿಯಲ್ಲಿ ಯುದ್ಧದ ಸುದ್ದಿ, ಕೈಯಲ್ಲಿ ಕಾಸಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬನನ್ನು ಲೆಕ್ಕದ ಮುಂದೆ ಕೂರಿಸಿದ್ದು ಏನು ಅಂತ ನಂಬಿಕೆಯನ್ನು ಬಿಟ್ಟು ವಿವರಿಸಿ ನೋಡೋಣ.

ವಿರೋಧ: ಹುಡುಕಿಸಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ವಿವರಿಸುತ್ತೇನೆ. ಅದಕ್ಕೆ ಮುಂಚೆ ಒಂದು ಲೆಕ್ಕ ಚುಕ್ತಾ ಆಗಬೇಕು.

ಪರ ಬರೆದವರು (ನಾನೇ, ಆದರೂ ಬೈಯುತ್ತೇನೆ) ಐದು ಘನಾಕೃತಿ ತಪ್ಪು ಎಂದು ಒಂದು ಸಾಲಿನಲ್ಲಿ ಒಪ್ಪಿ ಮುಂದೆ ಓಡಿದರು. ಅಲ್ಲೇ ನಿಲ್ಲಿ. ಕೆಪ್ಲರ್ ದೇವರಿಂದ ನೇರವಾಗಿ ಪಡೆದೆ ಎಂದು ನಂಬಿದ್ದು ಅದನ್ನೇ. ಜೀವನಪೂರ್ತಿ ಪ್ರೀತಿಸಿದ್ದೂ ಅದನ್ನೇ. 1621ರಲ್ಲಿ, ಮೂರೂ ನಿಯಮ ಕೈಯಲ್ಲಿದ್ದಾಗಲೂ, ಹಳೆಯ ಪುಸ್ತಕವನ್ನು ಟಿಪ್ಪಣಿ ಸೇರಿಸಿ ಮತ್ತೆ ಅಚ್ಚು ಹಾಕಿಸಿದ, ಘನಾಕೃತಿಗಳನ್ನು ಕೈಬಿಡಲಿಲ್ಲ. ಹಿಂದೊಮ್ಮೆ ವ್ಯೂರ್ಟೆಂಬರ್ಗ್‌ನ ದೊರೆಗೆ ಈ ಆಕೃತಿಗಳದ್ದೇ ಒಂದು ಬೆಳ್ಳಿಯ ಪಾತ್ರೆ ಮಾಡಿಸೋಣ, ಒಂದೊಂದು ಗ್ರಹದಿಂದ ಒಂದೊಂದು ಪಾನೀಯ ಬರಲಿ ಅಂತಲೂ ಹೇಳಿದ್ದ. ಕಾಗದದಲ್ಲಿ ಮಾದರಿ ಮಾಡಿದ, ಪಾತ್ರೆ ಕೊನೆಗೂ ಆಗಲಿಲ್ಲ. 1781ರಲ್ಲಿ ಹರ್ಷೆಲ್ ಯುರೇನಸ್ ಕಂಡ. ಗ್ರಹ ಏಳಾಯಿತು, ಸಂದು ಆರಾಯಿತು, ಆಕೃತಿ ಐದೇ ಉಳಿಯಿತು.

ಮೂರನೆಯ ನಿಯಮ ಇರುವ ಪುಸ್ತಕವನ್ನೂ ಪೂರ್ತಿ ಬಿಚ್ಚಿ ನೋಡಿ. ಅದು ಸಂಗೀತದ ಪುಸ್ತಕ. ಒಂದೊಂದು ಗ್ರಹಕ್ಕೂ ಒಂದೊಂದು ರಾಗ. ಭೂಮಿ ಹಾಡುವುದು ಮಿ-ಫಾ-ಮಿ, ಅದಕ್ಕೇ ಈ ಲೋಕದಲ್ಲಿ ದುಃಖ ಮತ್ತು ಹಸಿವು ತುಂಬಿವೆ ಅಂತ ಲ್ಯಾಟಿನ್ ಪದಗಳ ಮೊದಲ ಅಕ್ಷರ ಹಿಡಿದು ಹೇಳುತ್ತಾನೆ. ನಾವು ಇವತ್ತು ಪೂಜೆ ಮಾಡುವ ನಿಯಮ ಅಲ್ಲಿ ಹದಿಮೂರು ಅಂಶಗಳ ಒಂದು ಪಟ್ಟಿಯಲ್ಲಿ ಎಂಟನೆಯದಾಗಿ ಕೂತಿದೆ. (ಕಲೆಯೂ ಎಂಟು, ಇದೂ ಎಂಟು. ಅದರ ಹಿಂದೆ ಬೀಳಬೇಡಿ. ಕೆಪ್ಲರ್ ಆಗಿದ್ದರೆ ಬೀಳುತ್ತಿದ್ದ.) ಒಂದೇ ನಂಬಿಕೆ, ಒಂದೇ ಮನಸ್ಸು, ಒಂದೇ ಪುಸ್ತಕ. ಅದರಲ್ಲಿ ರಾಗ ಸುಳ್ಳಾಯಿತು, ನಿಯಮ ನಿಂತಿತು. ಯಾವುದು ಕಾಳು, ಯಾವುದು ಜೊಳ್ಳು ಅಂತ ಕೇರಿದ ಮೊರ ಯಾವುದು? ನಂಬಿಕೆ ಆಗಿರಲು ಸಾಧ್ಯವಿಲ್ಲ, ಅದು ಎರಡನ್ನೂ ಅಷ್ಟೇ ಮುದ್ದಿನಿಂದ ಎತ್ತಿಕೊಂಡಿತ್ತು. ಟೈಕೊನ ಅಳತೆ ಕೇರಿತು.

ಹಾಗೆ ನೋಡಿದರೆ ಅದೇ ನಂಬಿಕೆ ಬೇರೆಯವರಿಗೂ ಇತ್ತು. ಟೈಕೊ ಕೂಡ ಲೂಥರನ್. ಭೂಮಿ ತಿರುಗುವುದಿಲ್ಲ ಅನ್ನಲು ಅವನು ಕೊಟ್ಟ ಕಾರಣಗಳಲ್ಲಿ ಬೈಬಲ್ ಒಂದು. ಬರೀ ಅದೇ ಅಂದರೆ ಅನ್ಯಾಯವಾಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದಾದರೆ ನಕ್ಷತ್ರಗಳ ಜಾಗ ಸ್ವಲ್ಪವಾದರೂ ಆಚೀಚೆ ಕಾಣಬೇಕಿತ್ತು, ಅವನ ಕಣ್ಣಿಗೆ ಕಾಣಲಿಲ್ಲ. ಓಸಿಯಾಂಡರ್‌ನನ್ನು ಪರ ಕಡೆಯವರು ನಂಬಿಕೆ ಕಡಿಮೆ ಇದ್ದವನ ಹಾಗೆ ತೋರಿಸಿದರು. ಅವನು ಲೂಥರನ್ ಧರ್ಮಪಂಡಿತ! ದೇವರು ತಾನಾಗಿ ತಿಳಿಸದ ಹೊರತು ಆಕಾಶದ ನಿಜವನ್ನು ಯಾರೂ ಅರಿಯಲಾರರು, ಅದಕ್ಕೇ ಖಗೋಳದವರ ಮಾತು ಬರೀ ಲೆಕ್ಕದ ಅನುಕೂಲ, ಅನ್ನುವುದು ಅವನ ವಾದ. ಒಂದೇ ದೇವರು, ಒಂದೇ ಮತ. ಒಬ್ಬ ‘ಅದಕ್ಕೇ ತಿಳಿಯಬಹುದು’ ಅಂದ, ಇನ್ನೊಬ್ಬ ‘ಅದಕ್ಕೇ ತಿಳಿಯಲಾಗದು’ ಅಂದ. ಯಾವ ಕಡೆ ಎಳೆದರೂ ಬರುವ ಹಗ್ಗವನ್ನು ಕಾರಣ ಅನ್ನುವುದು ಹೇಗೆ?

ಉಲ್ಟಾ ಕಡೆಯಿಂದಲೂ ನೋಡಬಹುದು. ದಮಾಸ್ಕಸ್‌ನ ದೊಡ್ಡ ಮಸೀದಿಯಲ್ಲಿ ನಮಾಜಿನ ಸಮಯ ಲೆಕ್ಕ ಹಾಕುವ ಕೆಲಸದಲ್ಲಿದ್ದ ಇಬ್ನ್ ಅಲ್-ಶಾತಿರ್ 1375ರಲ್ಲಿ ತೀರಿಕೊಂಡ. ಅವನು ಚಂದ್ರನ ಚಲನೆಗೆ ಕೊಟ್ಟ ರೇಖಾಗಣಿತವೂ ಕೋಪರ್ನಿಕಸ್ ಕೊಟ್ಟದ್ದೂ ಒಂದೇ. ಒಬ್ಬ ಮಸೀದಿಯವನು, ಇನ್ನೊಬ್ಬ ಕ್ಯಾಥೊಲಿಕ್ ಚರ್ಚಿನ ಆಡಳಿತದಲ್ಲಿದ್ದವನು. ದೇವರ ಕಲ್ಪನೆ ಬೇರೆ, ವೃತ್ತ ಅದೇ. ಧರ್ಮ ಇಬ್ಬರಿಗೂ ಸಂಬಳ ಕೊಟ್ಟಿತ್ತು ಅನ್ನುವುದು ನಿಜ. ಅಷ್ಟು ಉಪಕಾರ ಒಪ್ಪುತ್ತೇನೆ.

ಆ ವೃತ್ತದ ಮಾತನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ವಾದದ ತಿರುಳು ಇರುವುದು ಅಲ್ಲಿ.

ಆಕಾಶದಲ್ಲಿ ಎಲ್ಲವೂ ವೃತ್ತದಲ್ಲೇ, ಒಂದೇ ವೇಗದಲ್ಲೇ ಸುತ್ತಬೇಕು ಅನ್ನುವುದು ಯಾರೂ ಅಳೆದು ಕಂಡದ್ದಲ್ಲ. ಮೇಲಿನ ಲೋಕ ಪರಿಪೂರ್ಣ, ಪರಿಪೂರ್ಣವಾದದ್ದು ದುಂಡಗಿರಬೇಕು ಎಂಬ ಭಕ್ತಿಯಿಂದ ಬಂದದ್ದು. ಪ್ಲೇಟೋನ ಕಾಲದಿಂದ ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಗ್ರೀಕರು, ಅರಬ್ಬರು, ಯೂರೋಪಿನವರು ವೃತ್ತದ ಮೇಲೆ ವೃತ್ತ ಹೇರಿದರು. ಗ್ರೀಕ್ ಖಗೋಳಜ್ಞ ಟಾಲೆಮಿ ಒಂದು ಕಡೆ ವೇಗದ ನಿಯಮ ಸ್ವಲ್ಪ ಸಡಿಲಿಸಿದ್ದ. ಕೋಪರ್ನಿಕಸ್‌ಗೆ ಅವನ ಮೇಲೆ ಇದ್ದ ದೊಡ್ಡ ಆಕ್ಷೇಪಣೆಯೇ ಅದು. ಅಂದರೆ ಕ್ರಾಂತಿಕಾರಿ ಎಂದು ನಾವು ಹೊಗಳುವವನು ಹೊರಟಿದ್ದು ವೃತ್ತದ ಮಡಿ ಉಳಿಸಲು!

ಮಂಗಳನ ದಾರಿ ವೃತ್ತದಿಂದ ಎಷ್ಟು ದೂರ ಸರಿದಿದೆ ಗೊತ್ತಾ? ಅಂಗಳದಲ್ಲಿ ಒಂದು ಮೀಟರ್ ಅಗಲದ ವೃತ್ತ ಬರೆಯಿರಿ. ಮಂಗಳನ ದಾರಿಯಷ್ಟೇ ಅದನ್ನು ಚಪ್ಪಟೆ ಮಾಡಿದರೆ ಒಂದು ಕಡೆಯ ಅಗಲ ಕಡಿಮೆ ಆಗುವುದು ನಾಲ್ಕು ಮಿಲಿಮೀಟರ್ ಚಿಲ್ಲರೆ. ರಂಗೋಲಿಯ ಎಳೆಯೇ ಅದಕ್ಕಿಂತ ದಪ್ಪ ಬೀಳುತ್ತದೆ. ಆ ನಾಲ್ಕು ಮಿಲಿಮೀಟರಿಗಾಗಿ ಕೆಪ್ಲರ್ ವೃತ್ತ ಬಿಟ್ಟ. ಒಮ್ಮೆಗೇ ಬಿಡಲಿಲ್ಲ, ಮೊದಲು ಮೊಟ್ಟೆಯ ಆಕಾರ ಹಿಡಿದು ಕಷ್ಟಪಟ್ಟ. ಖಗೋಳದ ಕೊಟ್ಟಿಗೆ ಪೂರ್ತಿ ಗುಡಿಸಿ ಕೊನೆಗೆ ಒಂದು ಗಾಡಿ ಸಗಣಿ ಉಳಿಸಿಕೊಂಡೆ ಅಂತ ಆ ಮೊಟ್ಟೆಯ ಬಗ್ಗೆ ಒಂದು ಕಾಗದದಲ್ಲಿ ತನ್ನನ್ನೇ ಬೈದುಕೊಂಡಿದ್ದಾನೆ. ಆಮೇಲೆ ಸಿಕ್ಕಿದ್ದು ದೀರ್ಘವೃತ್ತ. ಅದನ್ನು ಯಾವ ಧರ್ಮಗ್ರಂಥವೂ ಹೇಳಿರಲಿಲ್ಲ, ಅವನ ತ್ರಯೇಕ ದೇವರ ಗೋಳದಲ್ಲೂ ಅದಕ್ಕೆ ಜಾಗ ಇರಲಿಲ್ಲ. ಇಷ್ಟದೈವದ ಹಾಗೆ ಇಟ್ಟುಕೊಂಡಿದ್ದ ಆಕಾರವನ್ನು ಎಂಟು ಕಲೆಗೋಸ್ಕರ ಕೈಬಿಟ್ಟದ್ದು ಅವನ ದೊಡ್ಡತನ. ಕಲೆ ಅನ್ನುವ ಮಾತು ಕನ್ನಡದಲ್ಲಿ ಬಟ್ಟೆಯ ಮೇಲಿನ ಕಲೆಗೂ ಸಲ್ಲುತ್ತದೆ. ಇಲ್ಲಿ ಎರಡು ಅರ್ಥವೂ ಸರಿಹೋಗುತ್ತದೆ.

ಅಳತೆಯನ್ನು ದೇವರ ಕಾಣಿಕೆ ಅಂದನಲ್ಲ ಅನ್ನುತ್ತೀರಿ. ಅಂದ, ಮನಸಾರೆ ಅಂದ. ಆದರೆ ನಂಬಿಕೆಗೂ ಅಳತೆಗೂ ಜಗಳ ಬಂದಾಗ ಗೆದ್ದದ್ದು ಯಾವುದು ನೋಡಿ. ಗೆದ್ದವನಿಗೆ ಆಮೇಲೆ ದೇವರ ಹೆಸರಿಟ್ಟರೆ ಗೆದ್ದವನು ಬದಲಾಗುವುದಿಲ್ಲ. ನಮ್ಮ ಕಡೆ ದೃಗ್ಗಣಿತ ಪಂಚಾಂಗ ಅಂತ ಇದೆ. ದೃಕ್ ಅಂದರೆ ಕಣ್ಣಿಗೆ ಕಾಣುವುದು. ಕೇರಳದ ಪರಮೇಶ್ವರ ವರ್ಷಗಟ್ಟಲೆ ಗ್ರಹಣಗಳನ್ನು ನೋಡಿ, ಹಳೆಯ ಲೆಕ್ಕ ತಪ್ಪುತ್ತಿದೆ ಎಂದು ತಿದ್ದಿ 1431ರಲ್ಲಿ ಆ ಹೆಸರಿನ ಪದ್ಧತಿ ಕೊಟ್ಟ. ಅವನೂ ಆಸ್ತಿಕನೇ. ಲೆಕ್ಕ ತಪ್ಪಿದಾಗ ಎತ್ತಿ ನೋಡಿದ್ದು ಆಕಾಶವನ್ನು.

ಇನ್ನು ಸೂರ್ಯನ ಬಲದ ವಿಚಾರ. ಇದು ಪರದವರ ಗಟ್ಟಿ ವಾದ. ತ್ರಯೇಕತ್ವದಿಂದ ಹೊಳಹು ಬಂತು ಅನ್ನುವುದನ್ನು ನಾನೂ ಅಲ್ಲಗಳೆಯಲಾರೆ. ಆದರೆ ಆ ಹೊಳಹು ಮುಂದೆ ಏನಾಯಿತು? 1596ರಲ್ಲಿ ಗ್ರಹಗಳನ್ನು ನಡೆಸುವುದು ಸೂರ್ಯನ ಆತ್ಮ ಅಂತ ಬರೆದಿದ್ದ. 1605ರ ಹೊತ್ತಿಗೆ, ಆಕಾಶದ ಯಂತ್ರವನ್ನು ದೈವಿಕ ಜೀವಿಗೆ ಹೋಲಿಸಬೇಡಿ, ಗಡಿಯಾರಕ್ಕೆ ಹೋಲಿಸಿ ಎಂದು ಕಾಗದದಲ್ಲಿ ಬರೆದ. 1621ರ ಟಿಪ್ಪಣಿಯಲ್ಲಿ ಇನ್ನೂ ಬಿಡಿಸಿ ಹೇಳಿದ: ಆತ್ಮ ಎಂದು ಬರೆದಿರುವ ಕಡೆ ಬಲ ಅಂತ ಹಾಕಿ ಓದಿ, ನನ್ನ ಆಕಾಶದ ಭೌತವಿಜ್ಞಾನದ ಮೂಲ ನಿಮಗೆ ಸಿಗುತ್ತದೆ. ನಂಬಿಕೆಯ ಪದವನ್ನು ಅವನ ಕೈಯೇ ಅಳಿಸಿತು. ಏಣಿ ಹತ್ತಿದ ಮೇಲೆ ಏಣಿಯನ್ನು ಹೊತ್ತುಕೊಂಡು ತಿರುಗುವುದಿಲ್ಲ.

ಇದೇ ಹೊತ್ತಿಗೆ ಅವನ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂದಿತ್ತು. 1615ರಲ್ಲಿ ಶುರುವಾದ ಗುಸುಗುಸು 1620ರ ಆಗಸ್ಟಿನಲ್ಲಿ ಬಂಧನಕ್ಕೆ ತಿರುಗಿತು. ಎಪ್ಪತ್ತು ದಾಟಿದ ಕ್ಯಾಥರೀನಾ ಹದಿನಾಲ್ಕು ತಿಂಗಳು ಸೆರೆಯಲ್ಲಿದ್ದಳು. ಹಿಂಸೆಯ ಸಲಕರಣೆಗಳನ್ನು ಆಕೆಯ ಮುಂದೆ ಹಿಡಿದು ಹೆದರಿಸಿದರು, ಆಕೆ ಒಪ್ಪಿಕೊಳ್ಳಲಿಲ್ಲ. ಕೆಪ್ಲರ್ ಆಗ ತಾನಿದ್ದ ಆಸ್ಟ್ರಿಯಾದ ಲಿಂಜ್‌ನಿಂದ ಬಂದು ತಾನೇ ಮುಂದೆ ನಿಂತು ವಾದ ಬರೆದ. ಮಾಟವೇ ಸುಳ್ಳು ಅಂತ ಅವನು ಹೇಳಲಿಲ್ಲ, ಹೇಳುವ ಕಾಲವೂ ಅಲ್ಲ. ಒಂದೊಂದು ಕಾಯಿಲೆಗೂ ಒಂದೊಂದು ಸಹಜ ಕಾರಣ ತೋರಿಸಿದ. 1621ರ ಶರತ್ಕಾಲದಲ್ಲಿ ಆಕೆ ಬಿಡುಗಡೆಯಾದಳು, ಆರು ತಿಂಗಳಲ್ಲಿ ಸತ್ತಳು. ಅಮ್ಮನ ಜೀವ ಉಳಿಸಬೇಕಾದಾಗ ಅವನು ಹಿಡಿದದ್ದು ಮಂಗಳನ ಮೇಲೆ ಬಳಸಿದ ಉಪಾಯವನ್ನೇ ಅಂತ ನನಗೆ ಅನ್ನಿಸುತ್ತದೆ.

ಧರ್ಮದ ಸಂಸ್ಥೆಗಳು ಅವನನ್ನು ನಡೆಸಿಕೊಂಡ ರೀತಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಿದರೆ ಬೇಸರವೇ. ಮೊದಲ ಪುಸ್ತಕದಲ್ಲಿ ಕೋಪರ್ನಿಕಸ್‌ಗೂ ಬೈಬಲ್ಲಿಗೂ ರಾಜಿ ಮಾಡಿಸುವ ಭಾಗವನ್ನು ಟ್ಯೂಬಿಂಗನ್ನಿನ ಪಂಡಿತರು ತೆಗೆಸಿದರು. ‘ಸೂರ್ಯನೇ, ನಿಲ್ಲು’ ಅಂತ ಯೆಹೋಶುವನು ಹೇಳಿದ ವಾಕ್ಯ ಇದೆಯಲ್ಲ, ಅದು ಅವರ ಭಯ. 1600ರಲ್ಲಿ ಕ್ಯಾಥೊಲಿಕ್ ಆಗಲು ಒಪ್ಪದ್ದಕ್ಕೆ ಗ್ರಾಜ್‌ನಿಂದ ಓಡಿಸಿದರು. ಲಿಂಜ್‌ನಲ್ಲಿ ಅವನ ಲೂಥರನ್ನರೇ ಒಂದು ಸಿದ್ಧಾಂತದ ಕಾಗದಕ್ಕೆ ತಕರಾರಿಲ್ಲದೆ ಸಹಿ ಹಾಕಲಿಲ್ಲವೆಂದು ಚರ್ಚಿನಲ್ಲಿ ಪ್ರಸಾದ ಹಂಚುವ ಪ್ರಭುಭೋಜನದಿಂದ ಹೊರಗಿಟ್ಟರು. ಅವನ ಪಠ್ಯಪುಸ್ತಕವನ್ನು 1619ರಲ್ಲಿ ರೋಮ್ ನಿಷೇಧದ ಪಟ್ಟಿಗೆ ಸೇರಿಸಿತು. ಮೂರನೆಯ ನಿಯಮ ಸಿಕ್ಕಿ ಎಂಟೇ ದಿನಕ್ಕೆ, 1618ರ ಮೇ 23ರಂದು, ಪ್ರಾಗ್‌ನಲ್ಲಿ ಅರಸನ ಅಧಿಕಾರಿಗಳನ್ನು ಕಿಟಕಿಯಿಂದ ಹೊರಗೆಸೆದರು. ಮತದ ಹೆಸರಿನ ಯುದ್ಧ ಮೂವತ್ತು ವರ್ಷ ನಡೆಯಿತು.

ಗ್ರಾಜ್ ಬಿಡಿಸಿದ್ದರಿಂದಲೇ ಅವನಿಗೆ ಟೈಕೊ ಸಿಕ್ಕಿದ, ಇದೂ ದೇವರ ಲೀಲೆ ಅಂತ ಯಾರಾದರೂ ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ಮನೆಗೆ ಬೆಂಕಿ ಬಿದ್ದದ್ದರಿಂದ ಹೊಸ ಊರು ನೋಡಿದ ಹಾಗಾಯಿತು ಆ ಮಾತು.

ಹಾಗಾದರೆ ಮನೆಯಲ್ಲಿ ಸಾವು, ಬೀದಿಯಲ್ಲಿ ಯುದ್ಧ ಇದ್ದಾಗ ಅವನನ್ನು ಲೆಕ್ಕದ ಮುಂದೆ ಕೂರಿಸಿದ್ದು ಏನು? ನಂಬಿಕೆಯೇ ಇರಬಹುದು. ಕೂರಿಸಿತು, ಧೈರ್ಯ ಕೊಟ್ಟಿತು, ಎದ್ದು ಹೋಗದ ಹಾಗೆ ಹಿಡಿದಿತ್ತು. ಲೆಕ್ಕವನ್ನು ಅದು ಮಾಡಲಿಲ್ಲ. ದೊಡ್ಡಪ್ಪನಿಗೆ ನಾನು ಇಷ್ಟು ಬಿಟ್ಟುಕೊಡುತ್ತೇನೆ, ಜಾಸ್ತಿ ಇಲ್ಲ.

ಕೆಪ್ಲರ್ 1627ರಲ್ಲಿ ಗ್ರಹಗಳ ಕೋಷ್ಟಕ ಅಚ್ಚು ಹಾಕಿಸಿದ. ಅದರ ಆಧಾರದ ಮೇಲೆ, 1631ರ ನವೆಂಬರ್ 7ರಂದು ಬುಧ ಸೂರ್ಯನ ಮುಂದೆ ಹಾದುಹೋಗುತ್ತಾನೆ ಎಂದು ಹೇಳಿದ. ಹಳೆಯ ಕೋಷ್ಟಕಗಳು ಬುಧನ ವಿಷಯದಲ್ಲಿ ಡಿಗ್ರಿಗಟ್ಟಲೆ ತಪ್ಪುತ್ತಿದ್ದವು. ಆ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಪಿಯರ್ ಗಾಸೆಂಡಿ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿಕೊಂಡು ಕಾದ. ಅವನು ಕ್ಯಾಥೊಲಿಕ್ ಪಾದ್ರಿ. ಲೂಥರನ್ನನೊಬ್ಬನ ಲೆಕ್ಕ ಹಿಡಿದು ಕಾಯುತ್ತಿದ್ದ. ಒಂದು ಪುಟ್ಟ ಕಪ್ಪು ಚುಕ್ಕೆ ಕಾಣಿಸಿತು. ಇಷ್ಟು ಸಣ್ಣದು ಬುಧ ಇರಲಾರದು, ಸೂರ್ಯನ ಮೇಲಿನ ಯಾವುದೋ ಕಲೆ ಅಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರುತು ಮಾಡಿದ. ಚುಕ್ಕೆ ಜರುಗಿತ್ತು, ಸೂರ್ಯನ ಕಲೆಗಳು ಅಷ್ಟು ಬೇಗ ಜರುಗುವುದಿಲ್ಲ.

ಕೆಪ್ಲರ್ ಸತ್ತು ಆಗ ಒಂದು ವರ್ಷಕ್ಕೆ ಎಂಟು ದಿನ ಕಡಿಮೆ. ರೇಗೆನ್ಸ್‌ಬರ್ಗ್‌ನಲ್ಲಿ ಅವನನ್ನು ಹೂಳಿದ್ದ ಜಾಗ ಯುದ್ಧದಲ್ಲಿ ಗುರುತು ಸಿಗದ ಹಾಗೆ ಹಾಳಾಯಿತು. ಪ್ಯಾರಿಸ್‌ನಲ್ಲಿ ಆ ಬೆಳಿಗ್ಗೆ ಚುಕ್ಕೆ ಕಾಗದದ ಅಂಚಿನ ಕಡೆಗೆ ಹೋಗುತ್ತಲೇ ಇತ್ತು.